ಮಧ್ಯಾಹ್ನದ ಕೆಸರು

ಕೆಸರು ಎಷ್ಟು ಬೇಗ ಹರಿಯುತ್ತದೆ ಎಂದು ನೋಡಿ ಬರೆದುಕೊಳ್ಳುವುದು ನನ್ನ ಉದ್ಯೋಗ. ಇದನ್ನು ಮಾವನವರಿಗೆ ಬಿಡಿಸಿ ಹೇಳಲು ನನಗೆ ಎಷ್ಟೋ ವರ್ಷ ಬಾಯಿ ಬರಲಿಲ್ಲ. ದೆಹಲಿಯ ಸರ್ಕಾರಿ ಪ್ರಯೋಗಾಲಯ ಎಂದ ಕೂಡಲೇ ಅವರು ರಾಕೆಟ್ಟು, ಅಣುಶಕ್ತಿ ಎಂದೇನೇನೋ ಊಹಿಸಿಕೊಂಡು ಮಗಳನ್ನು ಧಾರೆ ಎರೆದು ಕೊಟ್ಟಿದ್ದರು. ಅಳಿಯ ಒಂದು ಆಲಿಕೆಯ ಬಾಯಿಗೆ ಬೆರಳು ಒತ್ತಿ ಹಿಡಿದು, ಬೆರಳು ತೆಗೆದು, ಸ್ಟಾಪ್‌ವಾಚ್ ಅದುಮಿ, ಕೆಸರು ಇಳಿದು ಮುಗಿಯುವುದನ್ನೇ ದಿಟ್ಟಿಸುತ್ತ ಕೂತಿರುತ್ತಾನೆ ಎಂದು ತಿಳಿದಿದ್ದರೆ ಏನು ಮಾಡುತ್ತಿದ್ದರೋ ಎಂಬ ಚಿಂತೆ ಈ ನಲವತ್ತೆಂಟನೆಯ ವಯಸ್ಸಿನಲ್ಲೂ ನನಗಿದೆ. ಮಾವನವರು ತೀರಿಕೊಂಡು ಆರು ವರ್ಷವಾಯಿತು. ಚಿಂತೆ ಗಟ್ಟಿಮುಟ್ಟಾಗಿದೆ.

ಆದರೆ ಕೆಸರಿನ ಹದ ಸಣ್ಣ ಸಂಗತಿಯಲ್ಲ. ಕೊಳವೆಬಾವಿ ಕೊರೆಯುವಾಗ ಗುಂಡಿಯ ಗೋಡೆ ಕುಸಿಯದಂತೆ ಅದರೊಳಗೆ ಕೆಸರು ತುಂಬುತ್ತಾರೆ. ಬರೀ ನೀರು ಹಾಕಿದರೆ ಮರಳು ಜಾರಿ ಗುಂಡಿ ಮುಚ್ಚಿಹೋಗುತ್ತದೆ. ಕೆಸರಾದರೆ ಗೋಡೆಗೆ ಒತ್ತಿ ನಿಲ್ಲುತ್ತದೆ. ಆ ಕೆಸರು ಪಂಪಿನೊಳಗೆ ಸಲೀಸಾಗಿ ಓಡಬೇಕು, ಪಂಪು ನಿಂತ ಕ್ಷಣ ಗಟ್ಟಿಯಾಗಿ ಕೂರಬೇಕು. ದೋಸೆ ಹಿಟ್ಟಿನ ಹದ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನನಗೆ ಈ ಕೆಲಸ ಸಿಕ್ಕಿದ್ದು ನನ್ನ ಬಿ.ಎಸ್ಸಿ.ಯ ಬಲದಿಂದ, ಉಳಿದದ್ದು ನಮ್ಮಮ್ಮನ ರುಬ್ಬುಗುಂಡಿನ ಪಕ್ಕ ಕೂತು ಕಲಿತ ವಿದ್ಯೆಯಿಂದ.

ನಾವು ಬಳಸುವ ಜೇಡಿಮಣ್ಣಿನ ಕಣಗಳು ಉಂಡೆಗಳಲ್ಲ, ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಅವಲಕ್ಕಿಗಳು. ಅವಲಕ್ಕಿಯ ಮುಖದ ತುಂಬ ಋಣ ವಿದ್ಯುತ್ತು, ಅಂಚಿನಲ್ಲಿ ಮಾತ್ರ ಒಂದಿಷ್ಟು ಧನ ವಿದ್ಯುತ್ತು. ಹಾಗಾಗಿ ನೀರಿನಲ್ಲಿ ಒಂದರ ಅಂಚು ಇನ್ನೊಂದರ ಮುಖಕ್ಕೆ ಅಂಟಿ ಇಸ್ಪೀಟೆಲೆಯ ಮನೆಯ ಹಾಗೆ ನಿಲ್ಲುತ್ತವೆ. ಆ ಮನೆಯ ಕೋಣೆಗಳಲ್ಲಿ ನೀರು ಸಿಕ್ಕಿಬಿದ್ದು ಕೆಸರು ಗಟ್ಟಿಯಾಗುತ್ತದೆ. ಅದಕ್ಕೆ ಉದ್ದನೆಯ ಎಳೆಯಂಥ ಅಂಟೊಂದನ್ನು, ಮೈಯುದ್ದಕ್ಕೂ ವಿದ್ಯುತ್ತು ಹೊತ್ತಿರುವಂಥದ್ದನ್ನು, ಚಿಟಿಕೆ ಸೇರಿಸಿದರೆ ಸಾಕು. ಎಳೆಯ ಒಂದು ತುದಿ ಈ ಅವಲಕ್ಕಿಯ ಅಂಚು ಹಿಡಿಯುತ್ತದೆ, ಇನ್ನೊಂದು ತುದಿ ಆಚೆಯದಕ್ಕೆ ಕೈ ಚಾಚುತ್ತದೆ. ಇಡೀ ಮನೆಗೆ ಹಗ್ಗ ಬಿಗಿದಂತಾಗುತ್ತದೆ. ಇಷ್ಟೆಲ್ಲ ಒಂದು ಬಕೆಟ್ಟಿನೊಳಗೆ ಸದ್ದಿಲ್ಲದೆ ನಡೆಯುತ್ತದೆ ಎಂಬುದು ನನಗೆ ಇವತ್ತಿಗೂ ಅಚ್ಚರಿ. ಮಿಕ್ಕ ಸಹೋದ್ಯೋಗಿಗಳಿಗೆ ಅದು ಬರೀ ಕೆಸರು.

ಆ ಅಂಟು ಆಗೆಲ್ಲ ಹೊರದೇಶದಿಂದ ಬರುತ್ತಿತ್ತು. ಅದನ್ನು ಇಲ್ಲೇ ಮಾಡುತ್ತೇನೆ ಎಂದು ಹೊರಟವರು ಒಬ್ಬರಿದ್ದರು. ಗುಡಗಾಂವದ ಆಚೆಯ ಹಳ್ಳಿಯವರು, ಶಾಲೆಯಲ್ಲಿ ವಿಜ್ಞಾನದ ಮೇಷ್ಟರಾಗಿದ್ದವರು. ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಮಾಸ್ಟರ್‌ಜಿ ಎನ್ನುತ್ತಿದ್ದರು. ನಾವು ಗೋರಿಕಾಯಿ ಎಂದು ಪಲ್ಯ ಮಾಡುತ್ತೇವಲ್ಲ, ಅದರ ಬೀಜದಲ್ಲಿ ಒಳ್ಳೆಯ ಅಂಟಿದೆ. ಆ ಕಡೆ ಅದನ್ನು ದನಕ್ಕೆ ಹಾಕುತ್ತಾರೆ. ಮಾಸ್ಟರ್‌ಜಿ ಒಂದು ಶೆಡ್ಡಿನಲ್ಲಿ ಆ ಅಂಟನ್ನು ಏನೇನೋ ಕ್ಷಾರದಲ್ಲಿ ಬೇಯಿಸಿ, ಅದರ ಎಳೆಗೆ ವಿದ್ಯುತ್ತು ಕೂರುವಂತೆ ಮಾಡಿ, ಒಣಗಿಸಿ ಬಿಳಿಯ ಪುಡಿ ಮಾಡಿ ತರುತ್ತಿದ್ದರು. ಮೊದಲ ಸಲ ತಂದ ಪುಡಿ ಕೆಸರಿನಲ್ಲಿ ಉಂಡೆ ಕಟ್ಟಿತು. ಎರಡನೆಯ ಸಲದ್ದು ಎರಡೇ ದಿನದಲ್ಲಿ ಕೊಳೆತು ನಾರಿತು. ಮೂರನೆಯ ಸಲವೂ ಕೆಟ್ಟರೆ ನಾಲ್ಕನೆಯದನ್ನು ತೆಗೆದುಕೊಳ್ಳುವುದಿಲ್ಲ ಎಂದು ನಮ್ಮ ಸಾಹೇಬರು ಬರೆದು ಕಳಿಸಿದ್ದರು. ನಾವು ಸೈ ಎಂದರೆ ಬಾವಿ ಕೊರೆಯುವ ಇಲಾಖೆ ಆ ಪುಡಿಯನ್ನು ಕೊಳ್ಳುತ್ತದೆ. ಇಲ್ಲವೆಂದರೆ ಮಾಸ್ಟರ್‌ಜಿ ಶೆಡ್ಡಿಗೆ ಬೀಗ ಹಾಕಬೇಕು.

ಆ ಮೂರನೆಯ ಸ್ಯಾಂಪಲ್ಲು ನನ್ನ ಮೇಜಿಗೆ ಬಂದದ್ದು ಮೇ ತಿಂಗಳಲ್ಲಿ, ಲೂ ಎಂಬ ಬಿಸಿಗಾಳಿ ಬೀಸುವ ದಿನಗಳಲ್ಲಿ.

ಬೆಳಿಗ್ಗೆ ಪರೀಕ್ಷೆ ಮಾಡಿದೆ. ಸೊಗಸಾಗಿತ್ತು. ಆಲಿಕೆಯಿಂದ ಕೆಸರು ನಿಧಾನವಾಗಿ, ಗಂಭೀರವಾಗಿ, ಸಂಬಳ ಹೆಚ್ಚಿದ ಗುಮಾಸ್ತನ ಹಾಗೆ ಇಳಿಯಿತು. ಮಧ್ಯಾಹ್ನ ಅದೇ ಪುಡಿ, ಅದೇ ಅಳತೆ, ಅದೇ ಆಲಿಕೆ. ಬೆರಳು ತೆಗೆದದ್ದೇ ತಡ ಮಜ್ಜಿಗೆಯಂತೆ ಸುರಿದುಹೋಯಿತು. ಮರುದಿನ ಬೆಳಿಗ್ಗೆ ಮತ್ತೆ ಗಂಭೀರ, ಮಧ್ಯಾಹ್ನ ಮತ್ತೆ ಮಜ್ಜಿಗೆ. ಒಂದು ವಾರ ಹೀಗೇ.

ಚಿಂತೆ ಮಾಡುವವನಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕೆ? ಬಿಸಿಲಿಗೆ ಅಂಟು ಸಡಿಲವಾಗುತ್ತಿದೆ ಎಂದುಕೊಂಡೆ. ಗೇಟಿನ ಹೊರಗೆ ಬರ್ಫ್ ಗೋಲಾ ಮಾರುವವನ ಹತ್ತಿರ ಐಸು ತಂದು ಪಾತ್ರೆಯ ಸುತ್ತ ಪೇರಿಸಿದೆ. ಕೆಸರು ತಂಪಾದ ಮಜ್ಜಿಗೆಯಾಯಿತು. ಫ್ಯಾನಿನ ಗಾಳಿಗೆ ಎಂದು ಫ್ಯಾನು ಆರಿಸಿದೆ. ಪಕ್ಕದ ಮೇಜಿನವರು ಬೈದರು. ನನ್ನ ಬೆರಳ ಬೆವರಿನ ಉಪ್ಪಿರಬಹುದೆಂದು ಆಲಿಕೆಯ ಬಾಯಿಗೆ ರಬ್ಬರು ಬಿರಡೆ ಹಾಕಿದೆ. ಒಂದು ದಿನ, ಹೇಳಲು ನಾಚಿಕೆಯಾಗುತ್ತದೆ, ಪಂಚಾಂಗದಲ್ಲಿ ರಾಹುಕಾಲವನ್ನೂ ನೋಡಿದೆ. ಅದು ದಿನಕ್ಕೊಂದು ಹೊತ್ತು ಬರುತ್ತಿತ್ತು. ಕೆಸರು ಮಾತ್ರ ತಪ್ಪದೆ ಮಧ್ಯಾಹ್ನವೇ ಕೆಡುತ್ತಿತ್ತು.

ಇಲ್ಲಿ ನಮ್ಮ ಎರಡು ಪಾತ್ರೆಗಳ ವಿಷಯ ಹೇಳಬೇಕು. ಬೆಳಗಿನ ಪರೀಕ್ಷೆಗೆ ಬೇಕಾದ ಮಣ್ಣನ್ನು ಹಿಂದಿನ ದಿನವೇ ಒಂದು ದೊಡ್ಡ ಗಾಜಿನ ಜಾಡಿಯಲ್ಲಿ ನೆನೆಹಾಕುತ್ತಿದ್ದೆವು. ಅಂಥ ಜಾಡಿ ಇದ್ದದ್ದು ಒಂದೇ. ಮಧ್ಯಾಹ್ನದ ಮಣ್ಣನ್ನು ಬೆಳಿಗ್ಗೆ ಬಂದ ಕೂಡಲೇ ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದೆವು. ಅದೇ ಬಕೆಟ್ಟಿನಲ್ಲಿ ಸಂಜೆ, ಕೆಲಸ ಮುಗಿದ ಮೇಲೆ, ದಿನದ ಗಾಜಿನ ಸಾಮಾನುಗಳು ತೊಳೆಯಲು ಬೀಳುತ್ತಿದ್ದವು.

ತೊಳೆಯುವುದು ಯಾವುದರಲ್ಲಿ? ಇಲ್ಲಿದೆ ನನ್ನ ಜಾಣತನ. ಸ್ಟೋರಿನವರು ಕೊಡುತ್ತಿದ್ದ ವಾಷಿಂಗ್ ಪೌಡರಿನ ಅಂಶ ಗಾಜಿಗೆ ಅಂಟಿ ಉಳಿದರೆ ಕೆಸರಿನ ಅಳತೆ ಕೆಡುತ್ತದೆ ಎಂದು ಯಾವುದೋ ಕೈಪಿಡಿಯಲ್ಲಿ ಓದಿದ್ದೆ. ಓದಿದ ದಿನದಿಂದ ಅನ್ನ ಸೇರಲಿಲ್ಲ. ಕೊನೆಗೆ, ಯುಗಾದಿ ಕಳೆದ ಮೇಲೆ, ಮನೆಯಿಂದ ಸೀಗೆಪುಡಿ ಕೊಂಡೊಯ್ಯತೊಡಗಿದೆ. ಹೆಂಡತಿ ವರ್ಷಕ್ಕೊಮ್ಮೆ ಊರಿಗೆ ಹೋದಾಗ ಸೀಗೆಕಾಯಿ, ಮೆಂತ್ಯ, ಹೆಸರುಕಾಳು ಸೇರಿಸಿ ಮಿಲ್ಲಿನಲ್ಲಿ ಬೀಸಿಸಿ, ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟು ತರುವ ಪುಡಿ. ತಲೆತಲಾಂತರದಿಂದ ತಲೆ ತೊಳೆದದ್ದು ಬೀಕರಿಗೆ ದ್ರೋಹ ಮಾಡೀತೆ? ಸಾಹೇಬರಿಗೆ ಹೇಳಲಿಲ್ಲ. ಹೆಂಡತಿಗಂತೂ ಹೇಳಲೇ ಇಲ್ಲ. ಗೊತ್ತಿದ್ದದ್ದು ನಮ್ಮ ಅಟೆಂಡರಿಗೆ ಮಾತ್ರ. ಅವರು ಗಢವಾಲದ ಕಡೆಯ ಹಿರಿಯರು, ನಿವೃತ್ತಿಗೆ ಒಂದು ವರ್ಷ ಉಳಿದಿದ್ದವರು. ಬಕೆಟ್ಟಿಗೆ ಪುಡಿ ಸುರಿದು, ಮೂಸಿ ನೋಡಿ, “ಸಾಬ್, ಈ ವಾಸನೆಗೆ ನನ್ನ ತಲೇಲಿ ಉಳಿದಿರೋ ನಾಲ್ಕು ಕೂದಲೂ ಎದ್ದು ನಿಲ್ತವೆ” ಎನ್ನುತ್ತಿದ್ದರು. ಅವರ ಮಾತೂ, ಮುಂದೆ ಬರುವ ಇತರರ ಮಾತೂ ಹಿಂದಿಯಲ್ಲಿದ್ದವು. ನನಗೆ ನೆನಪಾಗುವುದು ಕನ್ನಡದಲ್ಲಿ.

ನಲ್ಲಿಯಲ್ಲಿ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಬರುತ್ತಿತ್ತು. ಆ ನೀರಿನಲ್ಲಿ ಅಟೆಂಡರು ಗಾಜುಗಳನ್ನು ಮೂರು ಮೂರು ಸಲ ತೊಳೆದು ಇಡುತ್ತಿದ್ದರು. ನಾನು ಎದುರಿಗೆ ನಿಂತು ಎಣಿಸುತ್ತಿದ್ದೆ. ಆಮೇಲೆ ಬಕೆಟ್ಟನ್ನು ಬಗ್ಗಿಸಿ, ಎರಡು ಮಗ್ಗು ನೀರಾಡಿಸಿ, ಮಣ್ಣು ಸುರಿಯುತ್ತಿದ್ದರು. ಆ ಹೊತ್ತಿಗೆ ನಾನು ರಿಜಿಸ್ಟರಿನಲ್ಲಿ ಗೆರೆ ಹಾಕುತ್ತ ಕೂತಿರುತ್ತಿದ್ದೆ. ಗಾಜಿನ ಬಗ್ಗೆ ಅಷ್ಟೊಂದು ಚಿಂತೆ ಮಾಡಿದವನು ಬಕೆಟ್ಟಿನ ತಳವನ್ನು ಒಂದು ದಿನವೂ ಬಗ್ಗಿ ನೋಡಲಿಲ್ಲ. ನೋಡಿದ್ದರೂ ಏನು ಕಾಣುತ್ತಿತ್ತು? ಸೀಗೆಯ ಗಷ್ಟೂ ಕಂದು, ಮಣ್ಣೂ ಕಂದು.

ಎರಡು ಅಳತೆ ಹೊಂದದಿದ್ದರೆ ಕೆಟ್ಟದ್ದನ್ನೇ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನಮ್ಮ ನಿಯಮ. ಬಾವಿಯೊಳಗೆ ಒಮ್ಮೆ ಕೈಕೊಟ್ಟ ಕೆಸರನ್ನು ಬೆಳಿಗ್ಗೆ ಚೆನ್ನಾಗಿತ್ತು ಎಂದು ಕ್ಷಮಿಸಲಾಗುವುದಿಲ್ಲವಲ್ಲ. ಶನಿವಾರ ನಾನು ವರದಿ ಬರೆದೆ: ಈ ಪುಡಿಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಸಹಿ ಹಾಕಿ ಸಾಹೇಬರ ಟ್ರೇಯಲ್ಲಿ ಇಟ್ಟೆ. ಸೋಮವಾರ ಅವರು ಸಹಿ ಹಾಕಿದರೆ ಅಂದೇ ರವಾನೆ.

ಶನಿವಾರದ ಅರ್ಧ ದಿನ ಮುಗಿಸಿ ಮಧ್ಯಾಹ್ನ ಹೊರಗೆ ಬಂದರೆ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಮಾಸ್ಟರ್‌ಜಿ. ಕಾಲ ಬಳಿ ಟಿಫಿನ್ ಕ್ಯಾರಿಯರು. ಎದ್ದು ನಿಂತರು.

“ಬಾಬೂಜಿ, ಬಚ್ಚಾ ಪಾಸಾದನೆ?”

ಪುಡಿಯನ್ನು ಅವರು ಬಚ್ಚಾ, ತಮ್ಮ ಮಗು, ಎಂದೇ ಕರೆಯುತ್ತಿದ್ದರು.

“ರಿಸಲ್ಟು ಮೇಲಿನಿಂದ ಬರಬೇಕು, ಮಾಸ್ಟರ್‌ಜಿ.”

“ಮೇಲಿನಿಂದ ಬರೋದು ಮಳೆ. ಪೇಪರು ತಿದ್ದಿದವನಿಗೆ ಮಾರ್ಕು ಗೊತ್ತಿರುತ್ತೆ. ನಾನೂ ಹದಿನೆಂಟು ವರ್ಷ ತಿದ್ದಿದವನೇ.”

ನಾನು ಟಿಫಿನ್ ಕ್ಯಾರಿಯರಿನ ಕಡೆ ನೋಡಿದೆ. ಅವರು ನನ್ನ ಮುಖ ನೋಡಿದರು.

“ಫೇಲಾಗಿದ್ರೆ ಹೇಳಿಬಿಡಿ. ಹೆಡ್‌ಮಾಸ್ಟರು ನನ್ನ ಜಾಗ ಜುಲೈವರೆಗೆ ಖಾಲಿ ಇಟ್ಟಿರ್ತೀನಿ ಅಂದಿದಾರೆ. ಹೋಗಿ ಮತ್ತೆ ಆಮ್ಲ, ಪ್ರತ್ಯಾಮ್ಲ ಪಾಠ ಮಾಡ್ತೀನಿ. ಬೇಜಾರಿಲ್ಲ.” ಆಮೇಲೆ, “ಒಂದೇ ಮಾತು, ಬಾಬೂಜಿ. ನಮ್ಮ ಶೆಡ್ಡಲ್ಲಿ ಬಚ್ಚಾ ಒಂದು ದಿನವೂ ಕೈಕೊಟ್ಟಿಲ್ಲ. ಯಾವಾಗ ಮಾಡಿದ್ರೂ ಅಷ್ಟೇ. ಇಲ್ಲಿಗೆ ಬಂದರೆ ಮಾತ್ರ ಯಾಕೆ ನಡುಗ್ತಾನೋ. ಪರೀಕ್ಷೆ ಹಾಲಿಗೆ ಹೆದರೋ ಹುಡುಗರ ಹಾಗೆ” ಎಂದರು.

ನಾನು “ಅಚ್ಛಾ, ನೋಡೋಣ” ಎಂದು ಬಸ್ಸಿಗೆ ಓಡಿದೆ. ಬಸ್ಸು ಬರಲು ಇನ್ನೂ ಬಹಳ ಹೊತ್ತಿತ್ತು.

ಆಗ ನಾವು ಜನಕಪುರಿ ಬಡಾವಣೆಗೆ ಹೊಸದಾಗಿ ಬಂದಿದ್ದೆವು. ಅರ್ಧ ಮನೆಗಳು, ಅರ್ಧ ಗುಂಡಿಗಳು. ಬೇಸಿಗೆಯ ಗಾಳಿಗೆ ಗುಂಡಿಗಳ ಮಣ್ಣೆಲ್ಲ ಮನೆಗಳೊಳಗೆ. ಭಾನುವಾರ ಹಿತ್ತಿಲಿನ ಅಂಗಳದಲ್ಲಿ ಮಗಳಿಗೆ ಎಣ್ಣೆಸ್ನಾನದ ತಯಾರಿ ನಡೆದಿತ್ತು. ಅವಳಿಗಾಗ ಹದಿನಾಲ್ಕು. ತಲೆಯಿಂದ ಎಣ್ಣೆ ಇಳಿಯುತ್ತಿದೆ, ಬಾಯಿಯಿಂದ ವಾದ ಇಳಿಯುತ್ತಿದೆ.

“ಅಮ್ಮಾ, ನನ್ನ ಕ್ಲಾಸಲ್ಲಿ ಸಬ್ ಮುಲ್ತಾನೀ ಮಿಟ್ಟೀನೇ ಹಚ್ಚೋದು. ಮೇರೆ ಹೀ ತಲೆ ಸೀಗೇಕಾಯಿ ವಾಸ್ನೆ.”

“ವಾಸ್ನೆಯಂತೆ. ಆ ಜಡೆ ಬಂದಿದ್ದು ಯಾತರಿಂದ?” ಹೆಂಡತಿ ಬಿಸಿನೀರು ತೋಡುತ್ತಿದ್ದಳು.

ಅಷ್ಟರಲ್ಲಿ ಪಕ್ಕದ ಮನೆಯ ಪಂಜಾಬಿ ಹೆಂಗಸು ಗೋಡೆಯ ಮೇಲಿನಿಂದ ಒಂದು ಬಟ್ಟಲು ಚಾಚಿದರು. ನುಣ್ಣಗೆ ಕಲಸಿದ ಮುಲ್ತಾನಿ ಮಣ್ಣು. ಎಣ್ಣೆ ಬಿಡಲೆಂದು ಚಿಟಿಕೆ ಸೋಡಾ ಸೇರಿಸಿದ್ದರಂತೆ. “ಲೇ ಬೇಟೀ, ನನಗೆ ಕಲಸಿದ್ದು ಹೆಚ್ಚಾಯ್ತು” ಎಂದರು. ಹೆಂಡತಿ ಆಕೆಯತ್ತ ಒಂದು ಬಿಗಿದ ನಗೆ ನಕ್ಕಳು. ಎರಡು ತಿಂಗಳಿಂದ ಹಾಗೆಯೇ ನಗುತ್ತಿದ್ದಳು. ಕಾರಣ ನನಗೆ ತಿಳಿದಿರಲಿಲ್ಲ.

ಮಣ್ಣು ಎಷ್ಟು ಗಟ್ಟಿಯಾಗಿತ್ತೆಂದರೆ ಅದರಲ್ಲಿ ಚಮಚ ನೆಟ್ಟಗೆ ನಿಂತಿತ್ತು. ಯಾರ ಮುನಿಸೂ ಬೇಡವೆಂದು ಹೆಂಡತಿ, “ಎರಡನ್ನೂ ಕಲಸಿ ಹಚ್ಕೋ, ಹೋಗು” ಎಂದಳು. ಮಗಳು ಒಂದು ಹಿಡಿ ಸೀಗೆಪುಡಿ ಹಾಕಿ ತಿರುವಿದಳು. ನಾನು ಮೋರೆಗೆ ಪೇಪರು ಅಡ್ಡ ಹಿಡಿದು ಮಾಸ್ಟರ್‌ಜಿಯ ಬಗ್ಗೆ ಚಿಂತಿಸುತ್ತಿದ್ದೆ.

“ಅಪ್ಪಾ, ದೇಖೋ! ಎಲ್ಲಾ ಪಾನೀ ಹೋ ಗಯಾ!”

“ನೀರು ಜಾಸ್ತಿ ಹಾಕಿದೀಯ, ಪೆದ್ದಿ” ಎಂದಳು ಹೆಂಡತಿ.

“ಒಂದ್ ಬೂಂದ್ ಕೂಡ ಹಾಕಿಲ್ಲಮ್ಮಾ! ಪುಡಿ ಹಾಕಿದ್ದು. ಒಣಾ ಪುಡಿ!”

ಪೇಪರು ಕೆಳಗಿಟ್ಟೆ. ಚಮಚ ವಾಲಿಕೊಂಡಿತ್ತು. ಒಣ ಪುಡಿ ಹಾಕಿದರೆ ಕಲಸಿದ್ದು ಗಟ್ಟಿಯಾಗಬೇಕು. ಲೋಕದ ನಿಯಮ ಅದು. ಹಿಟ್ಟು ಹಾಕಿದರೆ ಸಾರು ಮಂದವಾಗುತ್ತದೆ. ಇಲ್ಲಿ ಒಣ ಪುಡಿ ಬಿದ್ದು ಗಟ್ಟಿ ಮಣ್ಣು ನೀರಾಗಿತ್ತು. ಬಟ್ಟಲನ್ನು ಓರೆ ಮಾಡಿದೆ. ನಾನು ಒಂದು ವಾರದಿಂದ ನೋಡುತ್ತಿದ್ದ ಆ ಮಜ್ಜಿಗೆಯೇ ಅದು. ಅದೇ ಹರಿವು, ಅದೇ ಲಜ್ಜೆಗೇಡಿತನ.

ಗೋಡೆಯ ಬಳಿ ಓಡಿದೆ. “ಬೆಹನ್‌ಜೀ, ಇನ್ನೊಂದಿಷ್ಟು ಮಣ್ಣು ಇದೆಯಾ?”

“ಭಾಯೀಸಾಹಬ್, ನಿಮ್ಮ ತಲೆಗಾ?” ನನ್ನ ಬೊಕ್ಕತಲೆಯ ಮೇಲೆ ಅವರ ಕಣ್ಣು ನಿಂತಿತು. ಆದರೂ ಪಾಪ, ಕೊಟ್ಟರು.

ಎರಡು ಬಟ್ಟಲುಗಳಲ್ಲಿ ಹಂಚಿ, ಎರಡಕ್ಕೂ ಸಮನಾಗಿ ನೀರು ಬೆರೆಸಿ, ಒಂದಕ್ಕೆ ಮಾತ್ರ ಚಿಟಿಕೆ ಸೀಗೆಪುಡಿ ಹಾಕಿದೆ. ಅಡುಗೆಮನೆಯ ಎಣ್ಣೆ ಆಲಿಕೆ ತಂದೆ. ಕೈಗಡಿಯಾರ ಬಿಚ್ಚಿ ಅಂಗಳದ ಒಗೆಯುವ ಕಲ್ಲಿನ ಮೇಲಿಟ್ಟೆ.

“ಏನ್ರೀ ಇದು! ಮಗಳ ಕಣ್ಣಿಗೆ ಎಣ್ಣೆ ಇಳೀತಿದೆ, ನೀವು ಮಣ್ಣಾಟ ಆಡ್ತಾ ಕೂತಿದೀರ! ಅದು ನಾನು ಒಗ್ಗರಣೆಗೆ ಎಣ್ಣೆ ಸುರಿಯೋ ಆಲಿಕೆ ಕಣ್ರೀ!”

“ಒಂದು ನಿಮಿಷ ಸುಮ್ನಿರು ಮಾರಾಯ್ತಿ.”

ಬರೀ ಮಣ್ಣು ಆಲಿಕೆಯಲ್ಲಿ ತೊಟ್ಟು ತೊಟ್ಟಾಗಿ ಇಳಿದು ನಡುವೆ ನಿಂತೇಬಿಟ್ಟಿತು. ಸೀಗೆ ಬಿದ್ದದ್ದು ಸೊರ್ ಎಂದು ಖಾಲಿ. ಮಾಸ್ಟರ್‌ಜಿಯ ಪುಡಿ ಕೆಟ್ಟಿರಲಿಲ್ಲ. ಕೆಟ್ಟದ್ದು ನನ್ನ ಬಕೆಟ್ಟು.

ಹೆಂಡತಿಗೆ ಹೇಳಲೇಬೇಕಾಯಿತು. “ಸೀಗೆಪುಡಿ ಡಬ್ಬಿ ಬೇಗ ಖಾಲಿಯಾಗ್ತಿದೆ ಅಂತಿದ್ಯಲ್ಲ...”

ಅವಳು ಚೊಂಬು ಕೆಳಗಿಟ್ಟಳು. “ಅಂದ್ರೆ?”

“ಆಫೀಸಿಗೆ ತಗೊಂಡು ಹೋಗ್ತಿದ್ದೆ. ಗ್ಲಾಸು ತೊಳೆಯೋಕೆ.”

“ಅಯ್ಯೋ ನಿಮ್ಮ! ನಾನು ಪಕ್ಕದವಳು ಹೇಳದೆ ಕೇಳದೆ ತಗೊಂಡು ಹೋಗ್ತಿದಾಳೆ ಅಂತ ಎರಡು ತಿಂಗಳಿಂದ ಅವಳ ಹತ್ರ ಸರಿಯಾಗಿ ಮಾತೇ ಆಡಿಲ್ಲ! ಆ ಪಾಪ ಈಗ ಯಾರ ತಲೆಗೆ ಹಚ್ಚಲಿ?” ಎಂದು, ಗೋಡೆಯ ಕಡೆ ತಿರುಗಿ, ಬಹಳ ಸಿಹಿಯಾದ ಹಿಂದಿಯಲ್ಲಿ, ಸಂಜೆ ದೋಸೆಗೆ ಬರಬೇಕೆಂದು ಪಕ್ಕದವರನ್ನು ಕರೆದಳು. ಅವಳ ತಪ್ಪು ಹತ್ತು ನಿಮಿಷದಲ್ಲಿ ತೀರಿತು. ನನ್ನದು ಸಾಹೇಬರ ಟ್ರೇಯಲ್ಲಿ ಕೂತಿತ್ತು.

ಸೋಮವಾರ ಎಂದಿಗಿಂತ ಮೊದಲ ಬಸ್ಸು ಹಿಡಿದೆ. ಪ್ರಯೋಗಾಲಯಕ್ಕೆ ಹೋದಾಗ ಅಟೆಂಡರು ಗಾಜುಗಳನ್ನು ತೆಗೆದಿಟ್ಟು ಬಕೆಟ್ಟು ಬಗ್ಗಿಸುತ್ತಿದ್ದರು. ತಡೆದೆ. ಅಂಗಿಯ ತೋಳು ಮಡಿಚಿ ತಳಕ್ಕೆ ಕೈ ಹಾಕಿದೆ. ಬೆರಳ ತುಂಬ ನುಣ್ಣನೆಯ ಕಂದು ಗಷ್ಟು. ಮೂಗಿಗೆ ಹಿಡಿದರೆ ನಮ್ಮ ಮನೆಯ ಬಚ್ಚಲು.

“ದಿನಾ ಇಷ್ಟು ಉಳಿಯುತ್ತಿತ್ತೆ?”

“ಕೆಲವು ದಿನ ಇದಕ್ಕಿಂತ ಜಾಸ್ತಿ, ಸಾಬ್. ಮಣ್ಣೇ ಅಲ್ವಾ, ಮಣ್ಣಿಗೆ ಮಣ್ಣು ಸೇರಿದ್ರೆ ಏನು ಅಂತ ಬಿಟ್ಟೆ.”

ಅವರನ್ನು ಬೈಯುವ ಹಕ್ಕು ನನಗಿರಲಿಲ್ಲ. “ಇವತ್ತೂ ಹಾಗೇ ಮಾಡಿ. ಎರಡೇ ಮಗ್ಗು ನೀರು. ಮೇಲೆ ಮಣ್ಣು” ಎಂದು ಹೇಳಿ ಸಾಹೇಬರ ಕೋಣೆಗೆ ಹೋದೆ.

ಬಕೆಟ್ಟಿನ ಮಣ್ಣು ನೆನೆದು ಹದಕ್ಕೆ ಬರಲು ಮಧ್ಯಾಹ್ನವಾಗಬೇಕು. ಅಲ್ಲಿಯವರೆಗೆ ಪುರಾವೆ ಇಲ್ಲ. ಸಾಹೇಬರು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು. ಬಂಗಾಳದವರು, ಮಿತಭಾಷಿ, ಅವರ ಮೌನಕ್ಕೆ ನಾನು ಎಷ್ಟೋ ವರ್ಷಗಳಿಂದ ಅರ್ಥ ಹುಡುಕಿ ಸುಸ್ತಾಗಿದ್ದೆ.

“ಸರ್, ಆ ವರದಿ ತಪ್ಪಿದೆ ಅನಿಸುತ್ತದೆ.”

“ನೀವೇ ಬರೆದದ್ದು.”

“ಹೌದು, ಸರ್. ಅದಕ್ಕೇ.”

ಎಲ್ಲ ಹೇಳಿದೆ. ಸೀಗೆ, ಬಕೆಟ್ಟು, ಗಷ್ಟು. ಅವರು ಕೇಳಿ, “ಪುರಾವೆ?” ಎಂದರು.

“ಸದ್ಯಕ್ಕೆ ನನ್ನ ಮಗಳ ತಲೆ, ಸರ್.”

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ವಾಷಿಂಗ್ ಪೌಡರು ಯಾಕೆ ಬಿಟ್ಟಿರಿ?”

“ಅದರ ಅಂಶ ಉಳಿದು ಅಳತೆ ಕೆಟ್ಟೀತು ಎಂಬ ಭಯಕ್ಕೆ.”

ಅವರ ಭುಜ ಒಮ್ಮೆ ಅಲುಗಿತು. ನಕ್ಕರೋ ನಿಟ್ಟುಸಿರಿಟ್ಟರೋ ಹೇಳಲಾರೆ. “ಬರೀ ಮಣ್ಣಿನ ಅಳತೆ ಮಧ್ಯಾಹ್ನ ತೆಗೆದುಕೊಂಡಿದ್ದೀರಾ? ಅಂಟು ಸೇರಿಸದೆ?”

ಬರೀ ಮಣ್ಣನ್ನು ದಿನಕ್ಕೊಂದು ಸಲ, ಬೆಳಿಗ್ಗೆ, ಜಾಡಿಯಿಂದ ತೆಗೆದು ಅಳೆಯುತ್ತಿದ್ದೆವು. ಮಧ್ಯಾಹ್ನದ ಮಣ್ಣನ್ನು ಯಾರೂ ಪ್ರತ್ಯೇಕವಾಗಿ ಕೇಳಿರಲಿಲ್ಲ. ಐಸು, ಫ್ಯಾನು, ಬೆವರು, ರಾಹು ಎಲ್ಲರನ್ನೂ ವಿಚಾರಿಸಿದ್ದೆ. ಕಣ್ಣೆದುರಿಗಿದ್ದ ಮಣ್ಣನ್ನು ಮಾತ್ರ ಬಿಟ್ಟಿದ್ದೆ.

“ನಾಲ್ಕು ಗಂಟೆಯವರೆಗೆ ಫೈಲು ಇಲ್ಲೇ ಇರುತ್ತದೆ” ಎಂದರು.

ಆ ನಾಲ್ಕು ಗಂಟೆಯೊಳಗೆ ನಾನು ಕುಡಿದ ಚಹಾ ಲೆಕ್ಕಕ್ಕಿಲ್ಲ. ಒಂದು ವೇಳೆ ಇವತ್ತೇ ಬಕೆಟ್ಟಿನ ಮಣ್ಣು ಸರಿಯಾಗಿ ನಿಂತರೆ? ಆಗ ನಾನು ಸೀಗೆಪುಡಿ ಕದ್ದ ಹುಚ್ಚ ಮಾತ್ರ, ಮಾಸ್ಟರ್‌ಜಿ ಫೇಲಾದ ಮೇಷ್ಟರು. ಮೂರೂವರೆಗೆ ಸಾಹೇಬರೇ ಬಂದು ಬೆನ್ನ ಹಿಂದೆ ನಿಂತರು. ಜಾಡಿಯ ಬರೀ ಮಣ್ಣನ್ನು ಮೊದಲು ಸುರಿದೆ. ನಿಧಾನ, ಗಂಭೀರ. ಆಮೇಲೆ ಬಕೆಟ್ಟಿನದು. ನನ್ನ ಜೀವಮಾನದಲ್ಲಿ ಒಂದು ಕೆಸರು ಹಾಳಾದದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ. ಮಾಸ್ಟರ್‌ಜಿಯ ಪುಡಿಯ ಒಂದು ಹರಳೂ ಅದರಲ್ಲಿರಲಿಲ್ಲ, ಆದರೂ ಅದು ಮಜ್ಜಿಗೆಯೇ.

ಸಾಹೇಬರು ಫೈಲು ತರಿಸಿ ನನ್ನ ವರದಿಗೆ ಅಡ್ಡಗೆರೆ ಎಳೆದರು. ಬುಧವಾರ, ಮಾಸ್ಟರ್‌ಜಿಯ ಎದುರಿಗೇ, ಹೊಸ ಬಕೆಟ್ಟಿನಲ್ಲಿ ಪರೀಕ್ಷೆ ಎಂದು ಬರೆದರು.

ಬುಧವಾರ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ನನ್ನ ಮನಸ್ಸಮಾಧಾನಕ್ಕೆ ಇನ್ನೊಂದು ಪರೀಕ್ಷೆಯಾಯಿತು. ಮೂರರಲ್ಲೂ ಕೆಸರು ಒಂದೇ ಹದದಲ್ಲಿ ಇಳಿಯಿತು. ಪುಡಿ ಪಾಸಾಯಿತು. ಮಾಸ್ಟರ್‌ಜಿ ಸ್ಟಾಪ್‌ವಾಚನ್ನು ನೋಡಲಿಲ್ಲ, ಆಲಿಕೆಯ ಬಾಯನ್ನೇ ನೋಡುತ್ತಿದ್ದರು. ಮುಗಿದ ಮೇಲೆ ನಾನು ನಡೆದದ್ದನ್ನು ಒಪ್ಪಿಸಿದೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಮೇಷ್ಟರ ದನಿಯಲ್ಲಿ ಕೇಳಿದರು:

“ಅದೆಲ್ಲ ಇರಲಿ. ಯಾಕೆ ನೀರಾಯ್ತು, ಅದು ಹೇಳಿ.”

ಅದು ನನಗೂ ಭಾನುವಾರದಿಂದ ಕೊರೆಯುತ್ತಿದ್ದ ಪ್ರಶ್ನೆ. ಎರಡು ದಿನ ಪುಸ್ತಕ ತಿರುವಿ ಒಂದಿಷ್ಟು ತಿಳಿದುಕೊಂಡಿದ್ದೆ. ಸೀಗೆಯಲ್ಲಿ ಒಗರಿನ ಅಂಶವಿದೆ, ಕಡುಚಹಾದಲ್ಲಿ ನಾಲಗೆ ಹಿಡಿಯುತ್ತದಲ್ಲ ಅಂಥದು. ನಾವು ಕೆಸರಿಗೆ ಹಾಕುವ ಸೋಡಾ ಸೇರಿದರೆ ಆ ಒಗರಿನ ಚಿಕ್ಕ ಚಿಕ್ಕ ಕಣಗಳು ಋಣ ವಿದ್ಯುತ್ತು ಹೊತ್ತು ಓಡಾಡುತ್ತವೆ.

“ಮಾಸ್ಟರ್‌ಜಿ, ಸಂಜೆ ಬಸ್ಸು ಬಂದಾಗ ಜನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುತ್ತಾರಲ್ಲ? ಅವಲಕ್ಕಿಯ ಅಂಚಿನ ಸೀಟುಗಳಿಗೆಲ್ಲ ಸೀಗೆ ಮೊದಲೇ ಕರ್ಚೀಫು ಹಾಕಿಬಿಟ್ಟಿತ್ತು. ಅಂಚಿನ ಧನ ವಿದ್ಯುತ್ತು ಮುಚ್ಚಿಹೋಯಿತು. ಅಂಚಿಗೂ ಮುಖಕ್ಕೂ ಇದ್ದ ಸೆಳೆತ ಹೋಗಿ ಇಸ್ಪೀಟು ಮನೆ ಬಿತ್ತು, ಒಳಗಿದ್ದ ನೀರು ಹೊರಬಿತ್ತು. ಆಮೇಲೆ ನಿಮ್ಮ ಪುಡಿಯ ಎಳೆ ಬಂದರೆ ಹಿಡಿದುಕೊಳ್ಳಲು ಜಾಗವೇ ಇಲ್ಲ.”

“ಅಂದರೆ ನನ್ನ ಬಚ್ಚಾ ಫುಟ್‌ಬೋರ್ಡಿನ ಮೇಲೆ ನಿಂತಿದ್ದ” ಎಂದರು ಮಾಸ್ಟರ್‌ಜಿ. ಆಮೇಲೆ ಮೆಲ್ಲಗೆ, “ಹೋದ ಸಲದ ಸ್ಯಾಂಪಲ್ಲೂ ಅದೇ ಬಕೆಟ್ಟಿನಲ್ಲಿ ಕೂತಿತ್ತೆ, ಬಾಬೂಜಿ?” ಎಂದು ಕೇಳಿದರು.

ರಿಜಿಸ್ಟರು ತೆಗೆದು ಪುಟ ತಿರುವಿದೆ. ಅವರ ಎರಡನೆಯ ಸ್ಯಾಂಪಲ್ಲು ಶಿವರಾತ್ರಿಯ ವಾರದ್ದು. ಸೀಗೆ ಬಂದದ್ದು ಯುಗಾದಿಯ ಮೇಲೆ. ಪುಟವನ್ನು ಅವರ ಕಡೆ ತಿರುಗಿಸಿದೆ.

“ಬಿಡಿ. ಅದು ಕೊಳೆತಿತ್ತು. ನನ್ನ ಮೂಗಿಗೇ ಬಂದಿತ್ತು ವಾಸನೆ. ಸುಮ್ಮನೆ ಕೇಳಿದೆ” ಎಂದರು.

ಅವರು ಸುಮ್ಮನೆ ಕೇಳಿರಬಹುದು. ನನಗೆ ಸುಮ್ಮನಿರಲಾಗಲಿಲ್ಲ. ಅವರು ಹೋದ ಮೇಲೆ ಯುಗಾದಿಯಿಂದ ಈಚಿನ ಪುಟಗಳನ್ನೆಲ್ಲ ನೋಡಿದೆ. ಒಂದು ಸಿಕ್ಕಿತು. ದೂರದ ಊರಿನ ಯಾರದೋ ಅಂಟು, ಮಧ್ಯಾಹ್ನ ಒಂದೇ ಸಲ ಪರೀಕ್ಷಿಸಿ ಆಗದು ಎಂದು ವಾಪಸು ಕಳಿಸಿದ್ದು. ಸಹಿ ನನ್ನದೇ. ಸಾಹೇಬರ ಒಪ್ಪಿಗೆ ಪಡೆದು, ದಯವಿಟ್ಟು ಮತ್ತೊಮ್ಮೆ ಕಳಿಸಿರಿ ಎಂದು ಅವರಿಗೆ ಪತ್ರ ಬರೆದೆ. ಮೂರು ವರ್ಷವಾಯಿತು, ಉತ್ತರವಿಲ್ಲ. ಇವತ್ತಿಗೂ ಟಪಾಲು ಬಂದಾಗ ಮೊದಲು ನೋಡುವುದು ಆ ಊರಿನ ಮುದ್ರೆಯನ್ನು. ನನ್ನ ಇಷ್ಟು ವರ್ಷದ ಚಿಂತೆಗಳಲ್ಲಿ ಗಟ್ಟಿ ಕಾರಣವಿರುವುದು ಇದೊಂದಕ್ಕೇ ಎಂದು ಹೆಂಡತಿಯೂ ಒಪ್ಪುತ್ತಾಳೆ.

ಮನೆಬಳಕೆಯ ಯಾವುದೇ ಪುಡಿಯನ್ನು ಪ್ರಯೋಗಾಲಯಕ್ಕೆ ತರಕೂಡದೆಂದು ಸಾಹೇಬರು ಗೋಡೆಯ ಮೇಲೆ ಸುತ್ತೋಲೆ ಅಂಟಿಸಿದರು. ಅದು ಯಾರಿಗೆಂದು ಯಾರೂ ಕೇಳಲಿಲ್ಲ. ಕ್ಯಾಂಟೀನಿನಲ್ಲಿ ಮಾತ್ರ ಕೆಲವು ತಿಂಗಳು ನಾನು ಶಿಕಾಕಾಯಿ ಸಾಬ್ ಆಗಿದ್ದೆ. ಜುಲೈ ಬಂತು. ಮಾಸ್ಟರ್‌ಜಿಯ ಜಾಗಕ್ಕೆ ಹೆಡ್‌ಮಾಸ್ಟರು ಬೇರೊಬ್ಬರನ್ನು ತೆಗೆದುಕೊಂಡರು.

ಆ ಚಳಿಗಾಲದಲ್ಲಿ ನಮ್ಮ ಕಾಲೊನಿಯ ಅಂಚಿನಲ್ಲೇ ಒಂದು ಕೊಳವೆಬಾವಿ ಕೊರೆದರು. ಮಾಸ್ಟರ್‌ಜಿ ತಮ್ಮ ಪುಡಿಯ ಮೂಟೆಗಳೊಂದಿಗೆ ಬಂದಿದ್ದರು, ನನ್ನನ್ನೂ ಕರೆದರು. ಇಷ್ಟು ವರ್ಷ ಆಲಿಕೆಯಲ್ಲಿ ಕಂಡಿದ್ದ ಕೆಸರನ್ನು ನಾನು ಭೂಮಿಯೊಳಗೆ ಹೋಗಿ ಬರುವಾಗ ಕಂಡದ್ದು ಅದೇ ಮೊದಲು. ಪಂಪು ದಡದಡಿಸುತ್ತಿತ್ತು. ಕೊರೆಯುವ ಮೇಸ್ತ್ರಿ ಒಬ್ಬ ಸರ್ದಾರ್ಜಿ. ಕಾಲುವೆಯಲ್ಲಿ ಬರುತ್ತಿದ್ದ ಕೆಸರಿಗೆ ಅಂಗೈ ಅದ್ದಿ ಎತ್ತಿ, ಅದು ಬೆರಳ ಸಂದಿಯಲ್ಲಿ ಇಳಿಯುವುದನ್ನು ನೋಡಿದರು. ಗಡಿಯಾರವಿಲ್ಲ, ಆಲಿಕೆಯಿಲ್ಲ.

“ಇವತ್ತು ಸ್ವಲ್ಪ ಗಟ್ಟಿ ಜಾಸ್ತಿಯಾಯ್ತು, ಮಾಸ್ಟರ್‌ಜಿ. ಪಂಪು ಏದುಸಿರು ಬಿಡ್ತಿದೆ.”

ಮಾಸ್ಟರ್‌ಜಿ ಕೆಸರಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಮುಖದಲ್ಲಿ ನಗುವಿನ ಸುಳಿವೇ ಇಲ್ಲ.

“ಬಾಬೂಜಿ, ಜೇಬಿನಲ್ಲಿ ಏನಾದರೂ ಇದೆಯೆ?”

ನಾನು ನಿಜವಾಗಿಯೂ ಜೇಬು ಮುಟ್ಟಿ ನೋಡಿಕೊಂಡೆ.